ನೂಲು ಕಡಿದಾಗ ನಿಲ್ಲುವ ಮಗ್ಗ ಮತ್ತು ಮಾರಾಟಗಾರ

ಶಿಫ್ಟಿನ ಬಿಡುವಿನಲ್ಲಿ ಯಂತ್ರಗಳೆಲ್ಲ ನಿಂತ ಮೇಲೆ ಕಾರ್ಖಾನೆಯ ನಡುವೆ ಸುಮ್ಮನೆ ನಿಂತು ಕಿವಿಗೊಟ್ಟರೆ, ಕೊಳವೆಗಳ ಸಂದಿಗಳಿಂದ ಗಾಳಿ ಸೋರುವ ಸಣ್ಣ ಸದ್ದು ಕೇಳಿಸುತ್ತದೆ. ಏರ್ ಕಂಪ್ರೆಸರ್‌ಗಳನ್ನು ಮಾರುವ ಕೆಲಸದಲ್ಲಿದ್ದ ನಾನು ಈ ಸದ್ದನ್ನು ಮೊದಲ ಸಲ ಗಮನವಿಟ್ಟು ಕೇಳಿದ್ದು ಕೆಲಸಕ್ಕೆ ಸೇರಿದ ಆರನೆಯ ವರ್ಷದಲ್ಲಿ. ಅದಕ್ಕೂ ಮೊದಲು ಕಾರ್ಖಾನೆಗಳಿಗೆ ನೂರಾರು ಸಲ ಹೋಗಿದ್ದೆ. ಆದರೆ ಪರ್ಚೇಸ್ ವಿಭಾಗದ ಕೋಣೆಯನ್ನು ದಾಟಿ ಒಳಗೆ ಹೋದದ್ದು ಕಡಿಮೆ. ಅಂದು ಗ್ರಾಹಕರು ಇನ್ನೊಂದು ದೊಡ್ಡ ಕಂಪ್ರೆಸರ್‌ಗೆ ಕೊಟೇಶನ್ ಕೇಳಿದ್ದರು. ಲೈನಿನ ಕೊನೆಯಲ್ಲಿರುವ ಯಂತ್ರಗಳಿಗೆ ಒತ್ತಡ ಸಾಲುತ್ತಿಲ್ಲ ಎಂಬುದು ಅವರ ತೊಂದರೆ. ಮೇಂಟೆನೆನ್ಸ್ ನೋಡಿಕೊಳ್ಳುತ್ತಿದ್ದ ಹಿರಿಯರೊಬ್ಬರು, ‘ಕೊಟೇಶನ್ ಆಮೇಲೆ ಕೊಡುವಿರಂತೆ, ಮೊದಲು ಬಂದು ಇದನ್ನು ಕೇಳಿ’ ಎಂದು ನನ್ನನ್ನು ಒಳಗೆ ಕರೆದೊಯ್ದರು.

ಸೋರಿಕೆಯನ್ನು ಅಳೆಯಲು ಒಂದು ಸರಳ ಪರೀಕ್ಷೆಯಿದೆ. ಗಾಳಿ ಬಳಸುವ ಯಂತ್ರಗಳನ್ನೆಲ್ಲ ನಿಲ್ಲಿಸಿ ಕಂಪ್ರೆಸರ್ ಒಂದನ್ನೇ ಓಡಿಸಬೇಕು. ಅದು ಎಷ್ಟು ಹೊತ್ತು ಲೋಡ್ ಆಗುತ್ತದೆ (ಗಾಳಿ ತುಂಬಿಸುತ್ತದೆ), ಎಷ್ಟು ಹೊತ್ತು ಗಾಳಿ ತುಂಬಿಸದೆ ಅನ್‌ಲೋಡ್ ಆಗಿರುತ್ತದೆ ಎಂಬುದನ್ನು ಗಡಿಯಾರ ಹಿಡಿದು ಬರೆದುಕೊಳ್ಳಬೇಕು. ಬಳಸುವವರೇ ಇಲ್ಲದಿರುವಾಗ ಅದು ತುಂಬಿಸುವ ಗಾಳಿಯೆಲ್ಲ ಸೋರಿಹೋಗುತ್ತಿರುವ ಗಾಳಿಯೇ. ಅಂದು ನಾವು ಅಳೆದಾಗ ಸುಮಾರು 3 ನಿಮಿಷ ಲೋಡ್, 7 ನಿಮಿಷ ಅನ್‌ಲೋಡ್ ಬಂತು. ಎಂದರೆ ಆ ಕಂಪ್ರೆಸರಿನ ಸಾಮರ್ಥ್ಯದಲ್ಲಿ ಶೇ. 30ರಷ್ಟು ಯಾವ ಕೆಲಸಕ್ಕೂ ಒದಗದೆ ಹೋಗುತ್ತಿತ್ತು. ಇದು ಅಪರೂಪದ ಸಂಗತಿಯಲ್ಲ. ಸರಿಯಾಗಿ ನೋಡಿಕೊಳ್ಳದ ಲೈನುಗಳಲ್ಲಿ ಶೇ. 20ರಿಂದ 30ರಷ್ಟು ಸೋರಿಕೆ ಸಾಮಾನ್ಯ ಎಂಬುದು ಈ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ನನಗೂ ಗೊತ್ತಿತ್ತು. ಗೊತ್ತಿದ್ದೂ ಆರು ವರ್ಷ ನಾನು ಯಾರಿಗೂ ಅದನ್ನು ಮೊದಲ ಮಾತಾಗಿ ಹೇಳಿರಲಿಲ್ಲ.

ಅವರಿಗೆ ಹೊಸ ಯಂತ್ರ ಬೇಕಾಗಿರಲಿಲ್ಲ. ಸೋರುವ ಜೋಡಣೆಗಳನ್ನು ಬಿಗಿಗೊಳಿಸಿ, ಹಳೆಯ ಹೋಸ್‌ಗಳನ್ನು ಬದಲಾಯಿಸಿದರೆ ಸಾಕಾಗಿತ್ತು. ಅದನ್ನು ಹಾಗೆಯೇ ಬರೆದುಕೊಟ್ಟು ಬಂದೆ. ಆ ತಿಂಗಳ ಟಾರ್ಗೆಟ್ ತಲುಪಲಿಲ್ಲ. ಕಚೇರಿಯಲ್ಲಿ ನನ್ನ ವಿವರಣೆಗೆ ಯಾರೂ ತಲೆದೂಗಲಿಲ್ಲ. ಆ ಕಾರ್ಖಾನೆಯಿಂದ ಮುಂದೆ ಆರ್ಡರ್ ಬಂತೇ ಎಂದು ಕೇಳಿದರೆ, ಬಂತು. ಆದರೆ ಮೂರು ವರ್ಷಗಳ ನಂತರ, ನಾನು ಆ ಪ್ರದೇಶವನ್ನು ಬೇರೊಬ್ಬರಿಗೆ ಒಪ್ಪಿಸಿಯಾದ ಮೇಲೆ. ಆದ್ದರಿಂದ ಪ್ರಾಮಾಣಿಕತೆಗೆ ಕೂಡಲೇ ಫಲ ಸಿಗುತ್ತದೆ ಎಂಬುದಕ್ಕೆ ಈ ಘಟನೆಯನ್ನು ಸಾಕ್ಷಿಯಾಗಿ ಮುಂದಿಡುತ್ತಿಲ್ಲ. ಅಂದಿನಿಂದ ನನ್ನನ್ನು ಕಾಡುತ್ತಿರುವ ಪ್ರಶ್ನೆ ಬೇರೆ: ಹೊರಗೆ ಯಂತ್ರಗಳ ಸೋರಿಕೆಯ ಬಗ್ಗೆ ಮಾತನಾಡುವ ನಮ್ಮ ಮಾರಾಟದ ಕೆಲಸದಲ್ಲೇ ಎಷ್ಟು ಸೋರುತ್ತಿದೆ, ಮತ್ತು ಅದರ ಸದ್ದು ನಮಗೇಕೆ ಕೇಳಿಸುವುದಿಲ್ಲ?

ಆ ಪ್ರಶ್ನೆಯೇ ನನ್ನನ್ನು, ಪೋಲನ್ನು ಕಳೆದು ಗ್ರಾಹಕರಿಗೆ ಬೇಕಾದದ್ದನ್ನಷ್ಟೇ ಮಾಡಬೇಕೆನ್ನುವ, ಟೊಯೊಟಾದಲ್ಲಿ ಬೆಳೆದ ಲೀನ್ ಚಿಂತನೆಯ ಕಡೆಗೆ ಕರೆದೊಯ್ದಿತು. ಲೀನ್ ಎಂದರೆ ಕಾರ್ಖಾನೆಯ ಒಳಗಿನ ವಿದ್ಯೆ, ಮಾರಾಟದವರಿಗೆ ಅದರ ಹಂಗಿಲ್ಲ ಎಂದು ನಾನೂ ಭಾವಿಸಿದ್ದೆ. ಅದರ ಚರಿತ್ರೆಯನ್ನು ಓದಿದಾಗ ಕಂಡದ್ದು ಬೇರೆಯೇ ಚಿತ್ರ. 1950ರ ಹೊತ್ತಿಗೆ ಟೊಯೊಟಾ ಕಂಪನಿ ದಿವಾಳಿಯ ಅಂಚಿಗೆ ಬಂದಿತ್ತು. ಯುದ್ಧಾನಂತರದ ಬಿಗಿ ಆರ್ಥಿಕ ನೀತಿಯಿಂದ ಜಪಾನಿನಲ್ಲಿ ಹಣದ ಹರಿವು ಬತ್ತಿತ್ತು. ವಾಹನಗಳು ಬಿಕರಿಯಾಗದೆ ನಿಂತಿದ್ದವು, ಬಿಕರಿಯಾದವುಗಳ ಹಣವೂ ಸಕಾಲಕ್ಕೆ ಬರುತ್ತಿರಲಿಲ್ಲ. ಸಾಲ ಕೊಟ್ಟು ಕಂಪನಿಯನ್ನು ಉಳಿಸಲು ಮುಂದೆ ಬಂದ ಬ್ಯಾಂಕುಗಳು ಮಾರಾಟಕ್ಕೆ ಪ್ರತ್ಯೇಕ ಕಂಪನಿಯೊಂದನ್ನು ಮಾಡಬೇಕು, ಅದು ಮಾರಬಲ್ಲಷ್ಟು ವಾಹನಗಳನ್ನು ಮಾತ್ರ ತಯಾರಿಸಬೇಕು ಎಂಬ ಷರತ್ತು ಹಾಕಿದವು. ಕಾರ್ಮಿಕರನ್ನು ಕೆಲಸದಿಂದ ತೆಗೆಯಬೇಕಾಗಿ ಬಂದು, ಮುಷ್ಕರ ನಡೆದು, ಸಂಸ್ಥಾಪಕ ಕೀಚಿರೊ ಟೊಯೊಡಾ ರಾಜೀನಾಮೆ ಕೊಟ್ಟರು. ಮಾರಾಟವಾಗದ ಸರಕನ್ನು ತಯಾರಿಸುವುದು ಎಲ್ಲಕ್ಕಿಂತ ದೊಡ್ಡ ಪೋಲು ಎಂದು, ಟೊಯೊಟಾದ ಉತ್ಪಾದನಾ ಪದ್ಧತಿಯನ್ನು ರೂಪಿಸಿದ ತಾಯಿಚಿ ಓನೊ ಮುಂದೆ ಪಟ್ಟುಹಿಡಿದು ಹೇಳಿದ ಮಾತಿನ ಹಿಂದೆ ಈ ಕಹಿ ಅನುಭವವಿತ್ತು. ಅಂದು ಹುಟ್ಟಿದ ಮಾರಾಟ ಕಂಪನಿಯ ಹೊಣೆ ಹೊತ್ತ ಶೋತಾರೊ ಕಾಮಿಯಾ, ಗ್ರಾಹಕ ಮೊದಲು, ಡೀಲರ್ ಆಮೇಲೆ, ತಯಾರಕ ಕೊನೆಗೆ ಎಂಬ ಕ್ರಮವನ್ನು ತಮ್ಮ ನೀತಿಯಾಗಿ ಇಟ್ಟುಕೊಂಡಿದ್ದರು. ಲೀನ್ ಎಂಬ ಹೆಸರು ಬಂದದ್ದು ಬಹಳ ತಡವಾಗಿ, 1988ರಲ್ಲಿ ಜಾನ್ ಕ್ರಾಫ್ಸಿಕ್ ಬರೆದ ಲೇಖನದಿಂದ. ಹೆಸರಿಗಿಂತ ಮೊದಲು ಬಂದದ್ದು, ಜನರಿಗೆ ಬೇಕಾದದ್ದಕ್ಕೂ ನಾವು ಮಾಡುತ್ತಿರುವುದಕ್ಕೂ ನಡುವೆ ಬಿದ್ದ ಬಿರುಕಿನ ನೋವು. ಮಾರಾಟಗಾರ ದಿನವೂ ನಿಂತಿರುವುದು ಆ ಬಿರುಕಿನ ಮೇಲೆಯೇ.

ಲೀನ್ ಹೇಳುವ ಏಳು ಬಗೆಯ ಪೋಲುಗಳನ್ನು ಮಾರಾಟಕ್ಕೆ ಒಂದೊಂದಾಗಿ ಹೊಂದಿಸಿ ಪಟ್ಟಿ ಮಾಡಬಹುದು. ತರಬೇತಿಗಳಲ್ಲಿ ಹಾಗೆ ಮಾಡಿಸುತ್ತಾರೆ, ನಾನೂ ಮಾಡಿದ್ದೇನೆ. ಯಾರೂ ಕೇಳದ ಕೊಟೇಶನ್ ಅತಿಯಾದ ಉತ್ಪಾದನೆ; ಡಿಸ್ಕೌಂಟಿಗೆ ಮೇಲಿನವರ ಒಪ್ಪಿಗೆ ಬರುವವರೆಗಿನ ದಿನಗಳು ಕಾಯುವಿಕೆ; ಎರಡು ಪ್ರಶ್ನೆಗಳಿಗೆ ಉತ್ತರ ಬೇಕಿದ್ದವರಿಗೆ ಕೊಡುವ ನಲವತ್ತು ಪುಟಗಳ ಪ್ರಸ್ತಾವ ಬೇಡದ ಸಂಸ್ಕರಣೆ. ಪಟ್ಟಿ ತಪ್ಪಲ್ಲ. ಆದರೆ ಅದನ್ನು ಗೋಡೆಗೆ ಅಂಟಿಸಿದ ಮೇಲೆಯೂ ನಮ್ಮಲ್ಲಿ ಏನೂ ಬದಲಾಗಲಿಲ್ಲ, ಏಕೆಂದರೆ ಈ ಪೋಲುಗಳೆಲ್ಲ ಹುಟ್ಟುವ ತಾಣ ಒಂದೇ ಎಂಬುದನ್ನು ನಾವು ಗುರುತಿಸಿರಲಿಲ್ಲ. ಮಾರಾಟದಲ್ಲಿ ಹೆಚ್ಚಿನ ಪೋಲು ಆಗುವುದು ನಿಜ ತಡವಾಗಿ ಬರುವುದರಿಂದ. ಗ್ರಾಹಕರಿಗೆ ನಮ್ಮ ವಸ್ತು ಬೇಡ ಎನ್ನಿಸಿದೆ, ಆದರೆ ಮುಖ ನೋಡಿ ಹೇಳಲು ಸಂಕೋಚ. ‘ಮುಂದಿನ ತಿಂಗಳು ನೋಡೋಣ’ ಎನ್ನುತ್ತಾರೆ. ಮಾರಾಟಗಾರನಿಗೆ ಅನುಮಾನ ಬಂದಿದೆ, ಆದರೆ ಗ್ರಾಹಕರ ಪಟ್ಟಿಯಿಂದ ಆ ಹೆಸರನ್ನು ಅಳಿಸಿದರೆ ಮುಂದಿನ ಮಾರಾಟದ ಅಂದಾಜಾದ ಫೋರ್‌ಕಾಸ್ಟ್ ಕುಸಿಯುತ್ತದೆ. ಅವನು ಅದನ್ನು ಉಳಿಸಿಕೊಳ್ಳುತ್ತಾನೆ. ಮ್ಯಾನೇಜರಿಗೂ ಒಳಗೊಳಗೇ ಗೊತ್ತಿದೆ, ಆದರೆ ಅವರೂ ತಮ್ಮ ಮೇಲಿನವರಿಗೆ ಸಂಖ್ಯೆಯೊಂದನ್ನು ಒಪ್ಪಿಸಿಯಾಗಿದೆ. ಹೀಗೆ ಎಲ್ಲರಿಗೂ ಗೊತ್ತಿರುವ ನಿಜವೊಂದು ತಿಂಗಳುಗಟ್ಟಲೆ ಯಾರ ಬಾಯಿಂದಲೂ ಹೊರಬರದೆ ಉಳಿಯುತ್ತದೆ. ಅಷ್ಟೂ ತಿಂಗಳು ಫಾಲೋಅಪ್, ಪ್ರಯಾಣ, ಪರಿಷ್ಕೃತ ಕೊಟೇಶನ್, ಮೀಟಿಂಗ್ ಎಲ್ಲವೂ ನಡೆಯುತ್ತಲೇ ಇರುತ್ತವೆ.

ಇಲ್ಲಿ ನನಗೆ ಸಕಿಚಿ ಟೊಯೊಡಾ ಅವರ ಮಗ್ಗ ನೆನಪಾಗುತ್ತದೆ. ಕೀಚಿರೊ ಅವರ ತಂದೆಯಾದ ಸಕಿಚಿ ಮಗ್ಗಗಳನ್ನು ಸುಧಾರಿಸುವುದರಲ್ಲೇ ಬದುಕು ಸವೆಸಿದವರು. 1924ರಲ್ಲಿ ಪೂರ್ಣರೂಪಕ್ಕೆ ಬಂದ ಅವರ ಸ್ವಯಂಚಾಲಿತ ಮಗ್ಗ ನೂಲು ಕಡಿದ ಕೂಡಲೇ ತಾನಾಗಿಯೇ ನಿಲ್ಲುತ್ತಿತ್ತು. ಹಾಸಿನ ಎಳೆಯೊಂದು ಕಡಿದರೆ, ಆ ಎಳೆಯ ಮೇಲೆ ತೂಗುತ್ತಿದ್ದ ಲೋಹದ ತೆಳು ಪಟ್ಟಿ ಕೆಳಗೆ ಬೀಳುತ್ತದೆ, ಮಗ್ಗ ನಿಲ್ಲುತ್ತದೆ. ಅಷ್ಟೇ. ಆದರೆ ಅದರ ಪರಿಣಾಮವನ್ನು ಯೋಚಿಸಬೇಕು. ಅದಕ್ಕೂ ಮೊದಲು ಎಳೆ ಕಡಿದಿದೆಯೇ ಎಂದು ಕಣ್ಣಿಟ್ಟು ಕಾಯಲು ಮಗ್ಗದ ಬಳಿ ಸದಾ ಒಬ್ಬರು ಇರಬೇಕಾಗಿತ್ತು. ಗಮನ ತಪ್ಪಿದರೆ ಗಜಗಟ್ಟಲೆ ಕೆಟ್ಟ ಬಟ್ಟೆ ನೇಯ್ದಿರುತ್ತಿತ್ತು. ಈಗ ಒಬ್ಬರೇ ಕೆಲಸಗಾರರು ಮೂವತ್ತು ಮಗ್ಗಗಳನ್ನು ನೋಡಿಕೊಳ್ಳಲು ಸಾಧ್ಯವಾಯಿತು. ಜಪಾನೀಯರು ಜಿದೋಕಾ ಎಂದು ಕರೆಯುವ ಈ ತತ್ತ್ವ, ಕಾರ್ಖಾನೆಯ ಅಸೆಂಬ್ಲಿ ಲೈನಿನಲ್ಲಿ ತೊಂದರೆ ಕಂಡ ಯಾವ ಕೆಲಸಗಾರನಾದರೂ ಹಗ್ಗ ಎಳೆದು ನೆರವು ಕರೆಯಬಹುದಾದ, ಬೇಕಾದರೆ ಲೈನನ್ನೇ ನಿಲ್ಲಿಸಬಹುದಾದ ಆಂಡಾನ್ ವ್ಯವಸ್ಥೆಯಾಗಿ ಬೆಳೆಯಿತು. ಮಾರಾಟದಲ್ಲಿ ಅಂಥ ಹಗ್ಗ ಎಲ್ಲಿದೆ? ಮಾತಿನ ಎಳೆ ಕಡಿದಿದೆ ಎಂದು ತಿಳಿಸಲು ಅಲ್ಲಿ ಯಾವ ಲೋಹದ ಪಟ್ಟಿಯೂ ಬೀಳುವುದಿಲ್ಲ. ಆ ಕೆಲಸವನ್ನು ಮನುಷ್ಯನ ಗುಣವೇ ಮಾಡಬೇಕು: ಎದುರಿನವರ ದನಿ ಬದಲಾದುದನ್ನು ಗಮನಿಸುವ ಸೂಕ್ಷ್ಮತೆ, ಅದನ್ನು ಕೇಳಿಬಿಡುವ ಧೈರ್ಯ, ಬಂದ ಉತ್ತರವನ್ನು ಕೋಪವಿಲ್ಲದೆ ಸ್ವೀಕರಿಸುವ ಸಮಚಿತ್ತ. ಲೀನ್ ಮತ್ತು ಮಾನವೀಯ ಗುಣಗಳು ಮಾರಾಟದಲ್ಲಿ ಒಂದಕ್ಕೊಂದು ಹಾಸುಹೊಕ್ಕಾಗಿವೆ ಎಂದು ನಾನು ನಂಬಿರುವುದು ಈ ಕಾರಣಕ್ಕೆ. ಒಂದು ವ್ಯವಸ್ಥೆ, ಇನ್ನೊಂದು ಅದರ ಮೇಲಿನ ಅಲಂಕಾರ ಎಂಬ ಸಂಬಂಧ ಅವುಗಳದ್ದಲ್ಲ.

ಇದನ್ನು ಲೆಕ್ಕದಲ್ಲಿಯೂ ತೋರಿಸಬಹುದು. 1961ರಲ್ಲಿ ಜಾನ್ ಲಿಟಲ್ ಎಂಬ ಸಂಶೋಧಕರು ಸರತಿ ಸಾಲುಗಳ ಬಗ್ಗೆ ಒಂದು ಸಂಬಂಧವನ್ನು ಸಾಧಿಸಿ ತೋರಿಸಿದರು: ವ್ಯವಸ್ಥೆಯೊಳಗೆ ಸರಾಸರಿ ಎಷ್ಟು ಕೆಲಸಗಳಿವೆಯೋ ಅದು, ಕೆಲಸಗಳು ಸಾಗುವ ವೇಗವನ್ನು ಪ್ರತಿಯೊಂದೂ ಒಳಗೆ ಕಳೆಯುವ ಸರಾಸರಿ ಸಮಯದಿಂದ ಗುಣಿಸಿದಷ್ಟಕ್ಕೆ ಸಮ. ನಾನು ಒಮ್ಮೆ ನನ್ನ ಪಟ್ಟಿಯನ್ನು ಹರಡಿಕೊಂಡು ಕುಳಿತೆ. ತೆರೆದಿದ್ದ ಮಾತುಕತೆಗಳು 60. ಗೆಲುವೋ ಸೋಲೋ, ತಿಂಗಳಿಗೆ ಮುಗಿಯುತ್ತಿದ್ದವು 5. ಹಾಗಿದ್ದರೆ ಒಂದು ಮಾತುಕತೆ ನನ್ನ ಬಳಿ ಸರಾಸರಿ 12 ತಿಂಗಳು ಕೊಳೆಯುತ್ತಿತ್ತು. ಇನ್ನಷ್ಟು ಲೀಡ್‌ಗಳನ್ನು, ಎಂದರೆ ಕೊಳ್ಳಬಹುದಾದವರ ಹೆಸರುಗಳನ್ನು, ತುಂಬಿಸು ಎಂದು ನಮಗೆ ಸದಾ ಹೇಳುತ್ತಿದ್ದರು. ಮುಗಿಸುವ ವೇಗ ಅಷ್ಟೇ ಇದ್ದು ಪಟ್ಟಿ 100ಕ್ಕೆ ಏರಿದರೆ ಪ್ರತಿಯೊಬ್ಬ ಗ್ರಾಹಕರೂ ಕಾಯುವ ಕಾಲ 20 ತಿಂಗಳಾಗುತ್ತದೆ ಎಂಬುದನ್ನು ಮಾತ್ರ ಯಾರೂ ಹೇಳಿರಲಿಲ್ಲ. ಈ ಗಣಿತ ಬರಿಯ ಸಮಯದ್ದೂ ಅಲ್ಲ. ಅರವತ್ತು ಜನರ ಕಷ್ಟಸುಖವನ್ನು ಒಬ್ಬ ಮನುಷ್ಯ ನೆನಪಿನಲ್ಲಿ ಇಟ್ಟುಕೊಳ್ಳಲಾರ. ಯಾರ ಕಾರ್ಖಾನೆಯಲ್ಲಿ ಯಾವ ಒತ್ತಡ ಬೇಕು, ಯಾರು ಕಳೆದ ಸಲ ಬ್ಯಾಂಕ್ ಸಾಲದ ಚಿಂತೆ ಹೇಳಿಕೊಂಡಿದ್ದರು ಎಂಬುದೆಲ್ಲ ಕಲಸಿಹೋಗಿ, ಎಲ್ಲರಿಗೂ ಒಂದೇ ಬಗೆಯ ಫಾಲೋಅಪ್ ಸಂದೇಶ ಹೋಗತೊಡಗುತ್ತದೆ. ಎದುರಿನವರು ತಾವು ಒಂದು ಪಟ್ಟಿಯ ಸಾಲಾಗಿದ್ದೇವೆಂದು ತಕ್ಷಣ ಗ್ರಹಿಸುತ್ತಾರೆ. ಅಲ್ಲಿಗೆ ಅವರು ನಿಜ ಹೇಳುವುದನ್ನು ನಿಲ್ಲಿಸುತ್ತಾರೆ.

ನಾನು ಮಾಡಿದ್ದು ಇಷ್ಟು: ಎರಡು ವಾರ ಹೊಸಬರನ್ನು ಹುಡುಕುವುದನ್ನು ಬಿಟ್ಟು, ಆ ಅರವತ್ತೂ ಜನರಿಗೆ ಒಬ್ಬೊಬ್ಬರಿಗಾಗಿ ಫೋನ್ ಮಾಡಿ, ‘ಈ ಯೋಜನೆ ನಿಮ್ಮಲ್ಲಿ ಇನ್ನೂ ಜೀವಂತವಾಗಿದೆಯೇ? ಇಲ್ಲದಿದ್ದರೆ ಸಂಕೋಚವಿಲ್ಲದೆ ಹೇಳಿ, ನಾನು ನಿಮಗೆ ತೊಂದರೆ ಕೊಡುವುದನ್ನು ನಿಲ್ಲಿಸುತ್ತೇನೆ’ ಎಂದು ಕೇಳಿದೆ. ಮೊದಲ ಹತ್ತು ಕರೆಗಳನ್ನು ಮಾಡುವಾಗ ಎದೆ ಹೊಡೆದುಕೊಳ್ಳುತ್ತಿತ್ತು. ಒಬ್ಬ ಹೆಣ್ಣುಮಗಳು, ದೊಡ್ಡ ಘಟಕವೊಂದರ ಖರೀದಿ ಅಧಿಕಾರಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಒಂಬತ್ತು ತಿಂಗಳ ಹಿಂದೆಯೇ ಅದನ್ನು ಕೈಬಿಟ್ಟೆವು. ನೀವು ಇಷ್ಟು ಸಲ ಬಂದು ಹೋಗಿದ್ದಿರಿ, ಹೇಗೆ ಹೇಳುವುದೆಂದು ತಿಳಿಯಲಿಲ್ಲ’ ಎಂದರು. ಅವರ ಸಂಕೋಚಕ್ಕೆ ನಾನೇ ಕಾರಣನಾಗಿದ್ದೆ. ಪಟ್ಟಿಯಲ್ಲಿ ಕೊನೆಗೆ ಉಳಿದದ್ದು 22 ಹೆಸರುಗಳು. ಆ 22 ಜನರ ಅಂಗಳಕ್ಕೆ ಹೋಗಿ, ಯಂತ್ರ ನಡೆಸುವವರ ಜೊತೆ ನಿಂತು ಮಾತನಾಡಲು ಈಗ ಸಮಯವಿತ್ತು. ಕೆಲಸ ನಡೆಯುವ ಜಾಗಕ್ಕೆ ಜಪಾನಿಯಲ್ಲಿ ಗೆಂಬಾ ಎನ್ನುತ್ತಾರೆ. ಓನೊ ತಮ್ಮ ಇಂಜಿನಿಯರುಗಳನ್ನು ಅಲ್ಲಿ ನೆಲದ ಮೇಲೆ ಸೀಮೆಸುಣ್ಣದಿಂದ ಬರೆದ ವೃತ್ತದೊಳಗೆ ಗಂಟೆಗಟ್ಟಲೆ ನಿಲ್ಲಿಸಿ ಸುಮ್ಮನೆ ನೋಡಲು ಹೇಳುತ್ತಿದ್ದರು. ಮಾರಾಟಗಾರನ ಗೆಂಬಾ ತನ್ನ ಕಚೇರಿಯಲ್ಲಿಲ್ಲ, ಗ್ರಾಹಕರ ಸ್ವಾಗತ ಕೋಣೆಯಲ್ಲೂ ಇಲ್ಲ. ಕೊಂಡ ವಸ್ತುವನ್ನು ಬಳಸುವ ಕೈಗಳಿರುವಲ್ಲಿ ಇದೆ.

ಕೇಳಿಸಿಕೊಳ್ಳುವುದರ ಬಗ್ಗೆ ಆಡುವ ಮಾತು ಸವಕಲು ಎನ್ನಿಸಬಹುದು. ಅದಕ್ಕೆ ಆಧಾರವೂ ಇದೆ ಎಂಬುದನ್ನು ಇಲ್ಲಿ ಹೇಳಬೇಕು. ನೀಲ್ ರ‍್ಯಾಕ್‌ಹ್ಯಾಮ್ ಮತ್ತು ಅವರ ಸಂಗಡಿಗರು 12 ವರ್ಷಗಳ ಅವಧಿಯಲ್ಲಿ 35,000 ಮಾರಾಟ ಭೇಟಿಗಳನ್ನು ಅಧ್ಯಯನ ಮಾಡಿ 1988ರಲ್ಲಿ ಪ್ರಕಟಿಸಿದ ಫಲಿತಾಂಶಗಳಲ್ಲಿ, ದೊಡ್ಡ ವ್ಯವಹಾರಗಳಲ್ಲಿ ಗೆಲ್ಲುವವರು ಹೆಚ್ಚು ಮಾತನಾಡುವವರಲ್ಲ, ಗ್ರಾಹಕರ ಸಮಸ್ಯೆ ಮತ್ತು ಅದರ ಪರಿಣಾಮಗಳ ಬಗ್ಗೆ ಒಳ್ಳೆಯ ಪ್ರಶ್ನೆ ಕೇಳುವವರು ಎಂದು ಕಂಡುಬಂತು. ಅದುವರೆಗೆ ಮಾರಾಟದ ತರಬೇತಿಗಳು ಹೊಗಳುತ್ತಿದ್ದ, ಒತ್ತಾಯಪೂರ್ವಕವಾಗಿ ‘ಹೂಂ’ ಎನ್ನಿಸಿಕೊಳ್ಳುವ ಕ್ಲೋಸಿಂಗ್ ತಂತ್ರಗಳು ದೊಡ್ಡ ವ್ಯವಹಾರಗಳಲ್ಲಿ ಕೆಲಸವನ್ನು ಕೆಡಿಸುತ್ತಿದ್ದವು. ಲೀನ್ ಭಾಷೆಯಲ್ಲಿ ಹೇಳುವುದಾದರೆ ಅದು ತಳ್ಳುವಿಕೆ. ಗ್ರಾಹಕ ಎಳೆದುಕೊಳ್ಳುವ ತನಕ ಯಾವುದನ್ನೂ ತಳ್ಳಬಾರದು ಎಂಬ ತತ್ತ್ವವನ್ನು ಓನೊ ರೂಪಿಸಿದ್ದು ಅಮೆರಿಕದ ಸೂಪರ್‌ಮಾರ್ಕೆಟ್ ವ್ಯವಸ್ಥೆಯನ್ನು ಗಮನಿಸಿ: ಕೊಳ್ಳುವವರು ಬೇಕಾದದ್ದನ್ನು ಬೇಕಾದಾಗ ಬೇಕಾದಷ್ಟು ತೆಗೆದುಕೊಳ್ಳುತ್ತಾರೆ, ಖಾಲಿಯಾದ ಜಾಗವನ್ನಷ್ಟೇ ಮತ್ತೆ ತುಂಬಿಸಲಾಗುತ್ತದೆ. ಮಾರುವ ಜಾಗದಿಂದ ಕಾರ್ಖಾನೆ ಕಲಿತ ಪಾಠವನ್ನು ಮಾರಾಟದವರು ಮರೆತಿರುವುದು ನನಗೆ ಬೇಸರ ತರುತ್ತದೆ.

ಆದರೂ ಎಲ್ಲ ಹೊರೆಯನ್ನೂ ಮಾರಾಟಗಾರನ ಗುಣದ ಮೇಲೆ ಹೊರಿಸುವುದು ಅನ್ಯಾಯ. ಲೀನ್ ಶತ್ರುಗಳೆಂದು ಹೆಸರಿಸುವುದು ಮೂರನ್ನು: ಮುದಾ, ಮುರಾ, ಮುರಿ. ಮುದಾ ಎಂದರೆ ಪೋಲು, ಮುರಾ ಎಂದರೆ ಏರುಪೇರು, ಮುರಿ ಎಂದರೆ ಶಕ್ತಿಮೀರಿದ ಹೊರೆ. ಈ ಕೊನೆಯ ಪದ ಕನ್ನಡದ ಕಿವಿಗೆ ತನ್ನ ಫಲವನ್ನು ತಾನೇ ಹೇಳಿಬಿಡುತ್ತದೆ. ಮಾರಾಟದಲ್ಲಿ ಈ ಮೂರರ ಕ್ರಮ ತಿರುಗುಮುರುಗು. ತ್ರೈಮಾಸಿಕದ ಕೊನೆಯ ವಾರದ ಟಾರ್ಗೆಟ್ ಮೊದಲು ಏರುಪೇರನ್ನು ತರುತ್ತದೆ, ಅದರಿಂದ ಮನುಷ್ಯರ ಮೇಲೆ ಹೊರೆ ಬೀಳುತ್ತದೆ, ಆ ಹೊರೆ ಪೋಲನ್ನು ಹುಟ್ಟಿಸುತ್ತದೆ. ಕೊನೆಯ ವಾರದಲ್ಲಿ ಡಿಸ್ಕೌಂಟ್ ಸಿಗುತ್ತದೆಂದು ಗ್ರಾಹಕರು ಕಲಿತುಬಿಡುತ್ತಾರೆ ಮತ್ತು ಉಳಿದ ದಿನಗಳಲ್ಲಿ ಕೊಳ್ಳುವುದನ್ನು ತಡೆಹಿಡಿಯುತ್ತಾರೆ. ನಾವು ಅದನ್ನು ಬೇಡಿಕೆ ಕುಸಿದಂತೆ ಓದುತ್ತೇವೆ, ಆಮೇಲೆ ಒಮ್ಮೆಲೇ ನೆರೆ ಬಂದಂತೆ ಓದುತ್ತೇವೆ. ತಯಾರಿಸುವವರು ಆ ಸುಳ್ಳು ಅಲೆಯನ್ನು ನಂಬಿ ಕಚ್ಚಾವಸ್ತು ತರಿಸುತ್ತಾರೆ. ಪೂರೈಕೆ ಸರಪಳಿಯಲ್ಲಿ ಸಣ್ಣ ಏರಿಳಿತ ಹಿಂದಕ್ಕೆ ಹೋದಂತೆ ಹಿಗ್ಗುವುದನ್ನು ಜೇ ಫಾರೆಸ್ಟರ್ 1958ರಲ್ಲೇ ವಿವರಿಸಿದ್ದರು. 1997ರಲ್ಲಿ ಹೌ ಲೀ ಮತ್ತು ಸಂಗಡಿಗರು ಅದರ ನಾಲ್ಕು ಕಾರಣಗಳನ್ನು ಗುರುತಿಸಿದಾಗ, ಆಗಾಗ ಬೆಲೆ ಏರಿಸಿ ಇಳಿಸುವುದೂ ಆರ್ಡರುಗಳನ್ನು ಒಟ್ಟುಗೂಡಿಸಿ ಕೊಡುವುದೂ ಅವುಗಳಲ್ಲಿ ಸೇರಿದ್ದವು. ಎರಡನ್ನೂ ನಮ್ಮ ತ್ರೈಮಾಸಿಕದ ಪದ್ಧತಿ ಪೋಷಿಸುತ್ತದೆ.

ಹೊರೆ ಮಿತಿಮೀರಿದಾಗ ಏನಾಗುತ್ತದೆ ಎಂಬುದನ್ನು ಲೋಕವೇ ನೋಡಿದೆ. ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕಿನಲ್ಲಿ ಮಾರಾಟದ ಗುರಿಗಳನ್ನು ಮುಟ್ಟಲು ಸಿಬ್ಬಂದಿ ಗ್ರಾಹಕರ ಒಪ್ಪಿಗೆಯಿಲ್ಲದೆ ಲಕ್ಷಾಂತರ ಖಾತೆಗಳನ್ನು ತೆರೆದಿದ್ದು 2016ರಲ್ಲಿ ಬಯಲಿಗೆ ಬಂತು. ಆ ವರ್ಷ 18.5 ಕೋಟಿ ಡಾಲರ್ ದಂಡ ಬಿತ್ತು, 2020ರಲ್ಲಿ 300 ಕೋಟಿ ಡಾಲರ್ ಕೊಟ್ಟು ಬ್ಯಾಂಕು ಸರ್ಕಾರದೊಂದಿಗೆ ಇತ್ಯರ್ಥ ಮಾಡಿಕೊಂಡಿತು. ಸುಮಾರು 5,300 ಮಂದಿ ಕೆಲಸ ಕಳೆದುಕೊಂಡರು. ಅವರೆಲ್ಲ ಹುಟ್ಟಿನಿಂದ ಕೆಟ್ಟವರಾಗಿದ್ದರು ಎಂದು ನಾನು ನಂಬಲಾರೆ. ನಿಜ ಹೇಳಿದರೆ ಶಿಕ್ಷೆ, ಸುಳ್ಳು ಸಂಖ್ಯೆಗೆ ಬಹುಮಾನ ಎಂಬ ವ್ಯವಸ್ಥೆಯಲ್ಲಿ ಸಾಮಾನ್ಯ ಮನುಷ್ಯರು ಎಷ್ಟು ದಿನ ನಿಲ್ಲಬಲ್ಲರು? ಜಪಾನಿಗೆ 1950ರಲ್ಲಿ ಹೋಗಿ ಗುಣಮಟ್ಟದ ಪಾಠ ಹೇಳಿದ ಎಡ್ವರ್ಡ್ಸ್ ಡೆಮಿಂಗ್, ಕೆಲಸದ ಜಾಗದಿಂದ ಭಯವನ್ನು ಓಡಿಸಿ, ಸಂಖ್ಯೆಗಳ ಕೋಟಾಗಳನ್ನು ತೆಗೆದುಹಾಕಿ ಎಂದು ತಮ್ಮ ಹದಿನಾಲ್ಕು ಸೂತ್ರಗಳಲ್ಲಿ ಬರೆದಿದ್ದರು. ಇವೆರಡೂ ಒಂದೇ ಪಟ್ಟಿಯಲ್ಲಿ ಇರುವುದು ಆಕಸ್ಮಿಕವಲ್ಲ. ಟೊಯೊಟಾದವರು 1977ರಲ್ಲಿ ಹೊರಜಗತ್ತಿಗೆ ತಮ್ಮ ಪದ್ಧತಿಯನ್ನು ವಿವರಿಸಿ ಇಂಗ್ಲಿಷಿನಲ್ಲಿ ಬರೆದ ಪ್ರಬಂಧದ ಶೀರ್ಷಿಕೆಯಲ್ಲೇ ಮನುಷ್ಯನ ಮೇಲಿನ ಗೌರವದ ಮಾತಿತ್ತು. 2001ರಲ್ಲಿ ತಮ್ಮ ಮೌಲ್ಯಗಳನ್ನು ಬರಹಕ್ಕಿಳಿಸಿದಾಗಲೂ ನಿರಂತರ ಸುಧಾರಣೆಯ ಪಕ್ಕದಲ್ಲಿ ಎರಡನೆಯ ಕಂಬವಾಗಿ ಅದನ್ನೇ ನಿಲ್ಲಿಸಿದರು. ಲೀನ್ ಹೆಸರಿನಲ್ಲಿ ದಿನಕ್ಕೆ ಎಷ್ಟು ಕರೆ, ಎಷ್ಟು ನಿಮಿಷ ಎಂದು ಮಾರಾಟಗಾರರನ್ನು ಅಳೆಯುವ ಕಚೇರಿಗಳು ಮೊದಲ ಕಂಬದ ಒಂದು ಚೂರನ್ನು ಮಾತ್ರ ಕಿತ್ತುಕೊಂಡು ಬಂದಿವೆ.

ನಾನು ಈಗ ಚಿಕ್ಕ ತಂಡವೊಂದನ್ನು ನೋಡಿಕೊಳ್ಳುತ್ತೇನೆ. ಟಾರ್ಗೆಟ್ ನಮಗೂ ಇದೆ. ಅದನ್ನು ತೆಗೆದುಹಾಕುವ ಅಧಿಕಾರ ನನಗಿಲ್ಲ. ನನ್ನ ಕೈಯಲ್ಲಿರುವುದು, ಕೆಟ್ಟ ಸುದ್ದಿ ತಂದವರನ್ನು ನಾನು ಹೇಗೆ ಎದುರುಗೊಳ್ಳುತ್ತೇನೆ ಎಂಬುದು ಮಾತ್ರ. ಸೋತ ಆರ್ಡರುಗಳ ಬಗ್ಗೆ ವಾರಕ್ಕೊಮ್ಮೆ ಕುಳಿತು ‘ಏಕೆ’ ಎಂದು ಐದು ಸಲ ಕೇಳುತ್ತೇವೆ. ಈ ವಿಧಾನದಲ್ಲಿ ಒಂದು ಅಪಾಯವಿದೆ: ಎರಡನೆಯ ‘ಏಕೆ’ ದಾಟುವಷ್ಟರಲ್ಲಿ ಅದು ‘ಯಾರು’ ಆಗಿಬಿಡುತ್ತದೆ. ಆರಂಭದಲ್ಲಿ ನನ್ನ ಪ್ರಶ್ನೆಗಳೂ ಹಾಗೆಯೇ ಆಗುತ್ತಿದ್ದವು. ಹುಡುಗರು ಬೆಲೆಯನ್ನೋ ಪ್ರತಿಸ್ಪರ್ಧಿಯನ್ನೋ ದೂರಿ ಸುಮ್ಮನಾಗುತ್ತಿದ್ದರು. ನಾನೇ ಸೋತ ಎರಡು ಆರ್ಡರುಗಳನ್ನು ಮೊದಲು ಮೇಜಿನ ಮೇಲಿಟ್ಟು ಬಿಡಿಸತೊಡಗಿದ ಮೇಲೆ ಮಾತು ಬದಲಾಯಿತು. ಅವುಗಳಲ್ಲೊಂದರ ಐದನೆಯ ಉತ್ತರ ಹೀಗಿತ್ತು: ಸರ್ವಿಸ್ ತಂಡದವರನ್ನು ಕೇಳದೆಯೇ ನಾನು 24 ಗಂಟೆಗಳೊಳಗೆ ದುರಸ್ತಿ ಮಾಡಿಕೊಡುವ ಭರವಸೆ ಕೊಟ್ಟಿದ್ದೆ. ಅದು ಈಡೇರಲಿಲ್ಲ, ಮುಂದಿನ ಆರ್ಡರ್ ಬೇರೆಯವರಿಗೆ ಹೋಯಿತು. ಈಗ ಕೊಟೇಶನ್ ಹೋಗುವ ಮುನ್ನ ಸರ್ವಿಸ್ ಮುಖ್ಯಸ್ಥರ ಸಹಿ ಅದರ ಮೇಲಿರುತ್ತದೆ. ಒಂದು ದಿನ ಹೆಚ್ಚು ಹಿಡಿಯುತ್ತದೆ. ವೇಗವೇ ಲೀನ್ ಎಂದುಕೊಂಡವರಿಗೆ ಇದು ಹಿಂದಕ್ಕೆ ಇಟ್ಟ ಹೆಜ್ಜೆಯಂತೆ ಕಾಣುತ್ತದೆ. ಆ ಒಂದು ದಿನ ಇಲ್ಲದ್ದಕ್ಕೆ ಕಳೆದುಕೊಂಡ ವರ್ಷಗಳನ್ನು ನಾನು ಎಣಿಸಿದ್ದೇನೆ.

ಕಳೆದ ತಿಂಗಳು ತಂಡಕ್ಕೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ತಿಂಗಳ ಕೊನೆಯ ದಿನ ನನ್ನ ಬಳಿ ಬಂದು, ತುಸು ಹಿಂಜರಿಯುತ್ತ, ಒಂದು ಹಾಳೆಯನ್ನು ಮುಂದಿಟ್ಟಳು. ತಾನೇ ಹೋಗಿ, ಬಿಡುವಿನ ಹೊತ್ತಿನಲ್ಲಿ ನಿಂತು ಅಳೆದ ಲೋಡ್ ಮತ್ತು ಅನ್‌ಲೋಡ್ ಸಮಯಗಳು ಅದರಲ್ಲಿದ್ದವು; ಕೆಳಗೆ, ಈ ಗ್ರಾಹಕರಿಗೆ ಸದ್ಯಕ್ಕೆ ಹೊಸ ಕಂಪ್ರೆಸರ್ ಬೇಡ ಎಂದು ಬರೆದಿದ್ದಳು. ‘ಸರ್, ಇದನ್ನು ಕಳುಹಿಸಲೇ ಅಥವಾ ಒಂದನೇ ತಾರೀಖಿನವರೆಗೆ ತಡೆಯಲೇ?’ ಎಂದು ಕೇಳಿದಳು. ಆ ತಿಂಗಳ ನಮ್ಮ ಲೆಕ್ಕದಲ್ಲಿ ಆ ಆರ್ಡರ್ ಆಗಲೇ ಸೇರಿತ್ತು. ನಾನು ಹಾಳೆಯನ್ನು ಇನ್ನೊಮ್ಮೆ ಓದಿ, ಒತ್ತಡದ ಅಂಕಿಯ ಪಕ್ಕ ಅವಳು ಬರೆಯದೆ ಬಿಟ್ಟಿದ್ದ ಅಳತೆಯ ಮಾನವನ್ನು ಸೇರಿಸಿ, ಸಹಿ ಹಾಕಿ ಕೊಟ್ಟೆ. ಆಮೇಲೆ ಫೋರ್‌ಕಾಸ್ಟ್ ತೆರೆದು ಆ ಸಾಲನ್ನು ಅಳಿಸಿದೆ.